ಸೂಜಿಯ ಒಂದು ಕಿಲೋ

ಮಾರ್ಚ್ 3, ಸೋಮವಾರ

ಈ ನೋಟುಬುಕ್ಕಿನ ಮುಂದಿನ ಪುಟಗಳು ಡಾಕ್ಟರಮ್ಮನವು. ಸೂಜಿ ಬೆಳಗ್ಗೆ ಏನು ತಿಂದಳು, ಎಷ್ಟು ಬಿಟ್ಟಳು ಎಂದು ಅಲ್ಲಿ ನಾನು ದಿನಾ ಬರೆಯಬೇಕಂತೆ. ಹಿಂದಿನ ಪುಟಗಳು ನನ್ನವು. ಪುಸ್ತಕವನ್ನು ತಲೆಕೆಳಗು ಮಾಡಿ ಕೊನೆಯಿಂದ ಶುರು ಮಾಡಿದ್ದೇನೆ. ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದರಲ್ಲಿ ಉಪಯೋಗಕ್ಕೆ ಬಂದ ವಿದ್ಯೆಗಳಲ್ಲಿ ಇದೂ ಒಂದು: ಮುಂದಿನಿಂದ ಲೆಕ್ಕ, ಹಿಂದಿನಿಂದ ಮೇಷ್ಟ್ರ ಚಿತ್ರ.

ಸಂಗತಿ ಇಷ್ಟು. ಸೂಜಿ ನನ್ನ ತಂಗಿಯ ಮಗಳು, ಎಂಟು ವರ್ಷ. ಒಳ್ಳೆಯ ಹೆಸರು ಬೇರೆ ಇದೆ. ತೆಳ್ಳಗಿದ್ದಾಳೆ, ಚುಚ್ಚಿ ಮಾತಾಡುತ್ತಾಳೆ, ಅದಕ್ಕೆ ನಾನಿಟ್ಟದ್ದು ಸೂಜಿ. ಅವಳ ಹೊಟ್ಟೆಗೆ ಗೋಧಿ, ಬಾರ್ಲಿ ಆಗುವುದಿಲ್ಲ. ಅವುಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಒಳಗೆ ಹೋದರೆ ಕರುಳು ಕೆಟ್ಟು, ತಿಂದದ್ದು ಮೈಗೆ ಹತ್ತುವುದಿಲ್ಲವಂತೆ. ಹಾಲು, ಮೊಸರು, ಬೆಣ್ಣೆಯೂ ಕೂಡದು. ಮೊನ್ನೆ ಶನಿವಾರ ಡಾಕ್ಟರಮ್ಮ ತೂಗಿದಾಗ ಹದಿನೆಂಟು ಕಿಲೋ. ಏಪ್ರಿಲ್ 26ಕ್ಕೆ ಹತ್ತೊಂಬತ್ತಾಗಿರಬೇಕು. ಆಗಿದ್ದರೆ ಶಾಲೆಯವರು ಸರೋವರದ ದಂಡೆಯಲ್ಲಿ ನಡೆಸುವ ನಾಲ್ಕು ದಿನದ ಶಿಬಿರಕ್ಕೆ ಅವರು ಸಹಿ ಹಾಕುತ್ತಾರೆ. ಆಗದಿದ್ದರೆ ಅದೇ ನಾಲ್ಕು ದಿನ ಆಸ್ಪತ್ರೆಯ ಮಂಚ, ಪರೀಕ್ಷೆ. ಸೂಜಿ ಹುಟ್ಟಿದಾಗಿನಿಂದ ಅಮ್ಮನಿಲ್ಲದೆ ಒಂದು ದಿನವೂ ಹೊರಗೆ ಮಲಗಿಲ್ಲ, ದೋಣಿ ಹತ್ತಿಲ್ಲ. ಶಿಬಿರದ ಕಾಗದವನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ತಂಗಿಗೆ ಬಸ್ ಡಿಪೋದಲ್ಲಿ ಕೆಲಸ. ಈ ತಿಂಗಳಿನಿಂದ ಬೆಳಗಿನ ಪಾಳಿ, ಐದಕ್ಕೇ ಹೊರಡಬೇಕು. ಭಾವ ಹಡಗಿನಲ್ಲಿ ಅಡುಗೆಯವರು. ಸಮುದ್ರದ ಮೇಲೆ ನಲವತ್ತು ಜನಕ್ಕೆ ಬಡಿಸಿ, ಸ್ವಂತ ಮಗಳನ್ನು ಮಾತ್ರ ತಿಂಡಿ ಆಯ್ತಾ ಎಂದು ಫೋನಿನಲ್ಲಿ ಕೇಳುತ್ತಾರೆ. ನನ್ನದು ತಕ್ಕಡಿ ರಿಪೇರಿ ಅಂಗಡಿ. ಕಟ್ಟಡದ ಸೂರು ಬಿಚ್ಚಿ ಹೊಸದು ಹಾಕುತ್ತಿರುವುದರಿಂದ ಎರಡು ತಿಂಗಳು ಬಾಗಿಲು ಹಾಕಿದೆ. ಹೀಗಾಗಿ ತಂಗಿ ನನ್ನನ್ನು ಕರೆಸಿಕೊಂಡಳು.

"ಬೆಳಗ್ಗೆ ಹೊಟ್ಟೆಗೆ ಪ್ರೋಟೀನ್ ಬೀಳ್ಬೇಕು ಅಣ್ಣ. ಮಧ್ಯಾಹ್ನ ಶಾಲೇಲಿ ಇವಳು ಡಬ್ಬಿ ಮುಚ್ಚಳ ತೆಗೀತಾಳೆ, ನೋಡ್ತಾಳೆ, ಮುಚ್ತಾಳೆ. ಅಷ್ಟೇ ಊಟ," ಎಂದಳು.

ಮೂವತ್ತು ವರ್ಷದಿಂದ ಊರಿನ ಅಕ್ಕಿ, ಕಬ್ಬಿಣ, ಬಂಗಾರವೆಲ್ಲ ನನ್ನ ಕೈ ಮುಟ್ಟಿದ ತಕ್ಕಡಿಯಲ್ಲೇ ತೂಗುತ್ತಿವೆ. ನನಗೆ ಒಂದು ಕಿಲೋ ಯಾವ ಮಹಾ. ಎರಡು ವಾರ ಸಾಕು ಎಂದೆ. ಮಿಕ್ಕ ಆರು ವಾರ ಕಾಲು ಚಾಚಿ ಕೂರುತ್ತೇನೆ.

ಮಾರ್ಚ್ 4, ಮಂಗಳವಾರ

ಡಾಕ್ಟರಮ್ಮನ ಚೀಟಿಯಲ್ಲಿ ಬೆಳಗ್ಗೆ ಹತ್ತರಿಂದ ಹನ್ನೆರಡು ಗ್ರಾಂ ಪ್ರೋಟೀನ್ ಎಂದಿದೆ. ಇಷ್ಟಕ್ಕೆ ಇಡೀ ಮನೆ ತಲೆ ಕೆಡಿಸಿಕೊಂಡಿದೆಯಲ್ಲ ಎಂದು ಒಳಗೊಳಗೇ ನಕ್ಕೆ. ಮೊಟ್ಟೆ ಪೂರ್ತಿ ಪ್ರೋಟೀನ್ ಎಂದು ಯಾರಿಗೆ ಗೊತ್ತಿಲ್ಲ? ಬೇಯಿಸಿ, ಸಿಪ್ಪೆ ಸುಲಿದು, ನನ್ನ ಚಿಕ್ಕ ತಕ್ಕಡಿಯಲ್ಲಿ ಇಟ್ಟೆ. ಐವತ್ತು ಗ್ರಾಂ. ದಾರದಿಂದ ನಾಲ್ಕು ಭಾಗ ಮಾಡಿ, ಒಂದು ಭಾಗವನ್ನು ಅನ್ನದ ಮೇಲೆ ಕಿರೀಟದ ಹಾಗೆ ಕೂರಿಸಿ ಕೊಟ್ಟೆ. ಹನ್ನೆರಡೂವರೆ ಗ್ರಾಂ. ಅರ್ಧ ಗ್ರಾಂ ನನ್ನ ಕಡೆಯಿಂದ ಉದಾರವಾಗಿ. ಮಿಕ್ಕ ಮೂರು ಭಾಗ ನಾನೇ ತಿಂದೆ.

ಸಂಜೆ ತಂಗಿ ಮುಂದಿನ ಪುಟ ಓದಿ ತಲೆಗೆ ಕೈ ಹೊತ್ತಳು. "ಒಂದಿಡೀ ಮೊಟ್ಟೇಲಿ ಆರೇ ಗ್ರಾಂ ಅಣ್ಣ. ಮಿಕ್ಕಿದ್ದೆಲ್ಲ ಹೆಚ್ಚುಕಮ್ಮಿ ನೀರು."

"ಮಾಮನ ತಲೇಲೂ ಅಷ್ಟೇ ಇರ್ಬೇಕು," ಎಂದಳು ಸೂಜಿ.

ಹೆಸರು ಸರಿಯಾಗಿ ಇಟ್ಟಿದ್ದೇನೆ.

ಮಾರ್ಚ್ 6, ಗುರುವಾರ

ಎರಡು ಮೊಟ್ಟೆ. ಅವಳು ತಿಂದದ್ದು ಅರ್ಧ. ಮಿಕ್ಕದ್ದನ್ನು ಚೆಲ್ಲಲು ಮನಸ್ಸಾಗದೆ ನಾನು ತಿಂದೆ.

ಮಾರ್ಚ್ 8, ಶನಿವಾರ

ಶನಿವಾರ ತಂಗಿಗೆ ರಜೆ, ಆದ್ದರಿಂದ ತೂಕ ಅವಳೆದುರಿಗೇ. ಅಂಗಡಿಯಿಂದ ನನ್ನ ಮುಳ್ಳಿನ ತಕ್ಕಡಿ ತಂದು ನಡುಮನೆಯಲ್ಲಿ ಇಟ್ಟಿದ್ದೇನೆ. ಆಳು ನಿಲ್ಲುವಷ್ಟು ಹಲಗೆ, ಎದುರಿಗೆ ಗಡಿಯಾರದಂಥ ಮುಖ, ಐವತ್ತು ಗ್ರಾಂಗೆ ಒಂದು ಗೆರೆ. ಸೂಜಿ ಹತ್ತಿದಳು. ಹದಿನೆಂಟು ಕಿಲೋ ನೂರು ಗ್ರಾಂ. ತಂಗಿ ಮೂರು ಸಲ ಇಳಿಸಿ ಹತ್ತಿಸಿದಳು. ಮೂರು ಸಲವೂ ಅಷ್ಟೇ.

ಆಮೇಲೆ ಸೂಜಿಗೆ ನನ್ನ ಕಸುಬಿನ ಗುಟ್ಟು ಹೇಳಿಕೊಟ್ಟೆ. ಸುಮ್ಮನೆ ಮುಳ್ಳನ್ನು ನಂಬಬಾರದು. ಮೊದಲು ಬರೀ ತಕ್ಕಡಿ ಸೊನ್ನೆಯಲ್ಲಿದೆಯೇ ನೋಡಬೇಕು. ಆಮೇಲೆ ಗೊತ್ತಿರುವ ತೂಕ ಇಟ್ಟು ನೋಡಬೇಕು. ನನ್ನ ಚೀಲದಲ್ಲಿ ಐದು ಕಿಲೋ ತೂಕದ ಹಿತ್ತಾಳೆ ಬಟ್ಟು ಸದಾ ಇರುತ್ತದೆ, ಸರ್ಕಾರಿ ಮುದ್ರೆಯದು. ಅದಕ್ಕೆ ನಾನಿಟ್ಟ ಹೆಸರು ಹೆಡ್‌ಮೇಷ್ಟ್ರು. ನಗುವುದಿಲ್ಲ, ಸುಳ್ಳು ಹೇಳುವುದಿಲ್ಲ, ಕಾಲ ಮೇಲೆ ಬಿದ್ದರೆ ಒಂದು ವಾರ ಮರೆಯುವಂತಿಲ್ಲ.

ಸುಳ್ಳು ಹೇಳುವ ತಕ್ಕಡಿಯನ್ನು ಇಡೀ ಊರಲ್ಲಿ ನನ್ನಷ್ಟು ಬೇಗ ಹಿಡಿಯುವವರಿಲ್ಲ ಎಂದೂ ಹೇಳಿದೆ. ಸೂಜಿ ಹೆಡ್‌ಮೇಷ್ಟ್ರನ್ನು ಎರಡೂ ಕೈಯಲ್ಲಿ ಎತ್ತಲು ನೋಡಿದಳು. ಆಗಲಿಲ್ಲ.

ಮಾರ್ಚ್ 12, ಬುಧವಾರ

ಇಂದು ನಾನು ಗೆದ್ದೆ. ಕಡಲೆಹಿಟ್ಟು, ತುರಿದ ಕ್ಯಾರೆಟ್, ಉಪ್ಪು, ಒಡೆದ ಮೊಟ್ಟೆ ಎಲ್ಲ ಕಲಸಿ ಬಾಣಲೆಯಲ್ಲಿ ಅಂಗೈಯಷ್ಟು ಬಿಲ್ಲೆಗಳನ್ನು ಹೊಯ್ದೆ. ಹಿಟ್ಟಿನ ಪ್ಯಾಕೆಟ್ಟಿನ ಮೇಲೆ 'ಗ್ಲುಟೆನ್ ಇಲ್ಲ' ಎಂದು ಹಸಿರು ಅಕ್ಷರದಲ್ಲಿತ್ತು. ಹಿಂದಿನ ಸಣ್ಣ ಅಕ್ಷರವನ್ನೂ ಬೆರಳಿಟ್ಟು ಓದಿದೆ, ಕಾಲು ಗಂಟೆ ಹಿಡಿಯಿತು. ಮೊದಲನೆಯ ಬಿಲ್ಲೆ ತಳ ಹಿಡಿಯಿತು. ಬಾಣಲೆ ಕೆರೆಯುತ್ತ ಅವಳಿಗೆ ಬೆನ್ನು ಹಾಕಿ ನಿಂತಿದ್ದೆ. ತಿರುಗಿ ನೋಡಿದರೆ ತಟ್ಟೆ ಖಾಲಿ. ಮೂರು ಬಿಲ್ಲೆ.

ಕ್ಯಾರೆಟ್ಟಿನ ಮಹಿಮೆ ಇರಬೇಕು. ನನ್ನ ಕೈರುಚಿಯೂ ಹೌದು.

ತಳ ಹಿಡಿದದ್ದು ನನ್ನ ಪಾಲಿಗೆ.

ಮಾರ್ಚ್ 15, ಶನಿವಾರ

ಹದಿನೆಂಟು ಕಿಲೋ ಇನ್ನೂರು. ತಂಗಿ ನನಗೆ ಹೊಸ ಟವೆಲ್ಲು ಕೊಟ್ಟಳು. ನನ್ನ ಪ್ಯಾಂಟು ಬಟ್ಟೆ ಒಗೆಯುವ ಮೆಷಿನ್ನಿನಲ್ಲಿ ಕುಗ್ಗಿದೆ.

ಮಾರ್ಚ್ 16, ಭಾನುವಾರ

ಪ್ಯಾಕೆಟ್ಟು ಮುಗಿಯಿತು. ಇನ್ನೊಂದು ತಾ ಎಂದು ತಂಗಿ ಹೇಳಿದ್ದಳು. ಯಾವಾಗಲೋ ಕಟ್ಟಿಟ್ಟ ಹಿಟ್ಟು ಯಾಕೆ? ಒಳ್ಳೆಯ ಕಡಲೆ ಕೊಂಡು, ಕಲ್ಲು ಆರಿಸಿ, ಬೀದಿಯ ಕೊನೆಯ ಹಿಟ್ಟಿನ ಗಿರಣಿಗೆ ಒಯ್ದೆ. ಗಿರಣಿಯವನ ತಕ್ಕಡಿ ಹೋದ ವರ್ಷ ನಾನೇ ಸರಿ ಮಾಡಿದ್ದು. ಸಾಲು ನಿಂತವರನ್ನು ಸರಿಸಿ ನನ್ನನ್ನು ಮುಂದೆ ಕರೆದ. ನನ್ನ ಕಣ್ಣೆದುರಿಗೇ ಬೀಸಿಸಿಕೊಂಡು ಬಂದೆ, ಬಿಸಿ ಬಿಸಿ, ಘಮಘಮ. ಈ ಮರ್ಯಾದೆ ಅಂಗಡಿಯ ಪ್ಯಾಕೆಟ್ಟಿಗೆ ಎಲ್ಲಿಂದ ಬರಬೇಕು?

ದೊಡ್ಡ ಡಬ್ಬಿ ತುಂಬ ಇದೆ. ಎರಡು ವಾರಕ್ಕೆ ಸಾಕು.

ಮಾರ್ಚ್ 19, ಬುಧವಾರ

ಸೂಜಿ ಎರಡು ಬಿಲ್ಲೆ ತಿಂದು ಹೊಟ್ಟೆ ಹಿಡಿದುಕೊಂಡಳು. ಶಾಲೆಗೆ ಹೋಗದಿರಲು ನೆಪ ಎಂದುಕೊಂಡೆ. ನಾನೂ ಇದೇ ನೆಪ ಹೇಳುತ್ತಿದ್ದೆ, ಆದರೆ ನಾನು ಇನ್ನೂ ಚೆನ್ನಾಗಿ ಉರುಳಾಡುತ್ತಿದ್ದೆ.

ಮಾರ್ಚ್ 21, ಶುಕ್ರವಾರ

ನೆಪ ಅಲ್ಲ. ಮೂರು ದಿನದಿಂದ ಬಚ್ಚಲಿಗೆ ಓಡಾಡುತ್ತಿದ್ದಾಳೆ. ನಾಳೆ ತಂಗಿಯ ಮುಂದೆ ತೂಗಬೇಕಲ್ಲ ಎಂದು ಶಾಲೆಯಿಂದ ಬಂದ ಮೇಲೆ ಆಟದ ನೆಪದಲ್ಲಿ ಹತ್ತಿಸಿ ನೋಡಿದೆ. ಹದಿನೇಳು ಕಿಲೋ ಒಂಬೈನೂರು. ಶುರು ಮಾಡಿದಾಗ ಇದ್ದದ್ದಕ್ಕಿಂತ ಕಡಿಮೆ.

ನಾನು ಬರುವ ಮುಂಚೆ ತಂಗಿ ಒಬ್ಬಳೇ ನಿಭಾಯಿಸುತ್ತಿದ್ದಾಗ ತೂಕ ಏರುತ್ತಿರಲಿಲ್ಲ ನಿಜ. ಇಳಿಯುತ್ತಲೂ ಇರಲಿಲ್ಲ.

ಸಂಜೆ ತಂಗಿ ಬಟ್ಟೆ ಒಣಹಾಕುತ್ತ ಏನೋ ಗುನುಗುತ್ತಿದ್ದಳು. ಅದನ್ನು ಕೇಳಿದ ಮೇಲೆ ಸ್ಕ್ರೂಡ್ರೈವರ್ ಹುಡುಕಿದೆ. ಸೊನ್ನೆಯ ತಿರುಪನ್ನು ತಿರುಗಿಸುವುದು ಹಸಿ ಕಳ್ಳರ ಕೆಲಸ, ಬರೀ ತಕ್ಕಡಿ ನೋಡಿದರೇ ಗೊತ್ತಾಗುತ್ತದೆ. ನಾನು ಒಳಗಿನ ಸ್ಪ್ರಿಂಗ್ ಮುಟ್ಟಿದೆ. ಸೊನ್ನೆ ಸೊನ್ನೆಯಲ್ಲೇ ಇರುತ್ತದೆ, ಭಾರ ಬಿದ್ದಾಗ ಮಾತ್ರ ಮುಳ್ಳು ಸ್ವಲ್ಪ ಹುಮ್ಮಸ್ಸಿನಿಂದ ಓಡುತ್ತದೆ. ಹೀಗೆ ಮಾಡಲು ಬರುವವರು ಮೂರು ಊರಿಗೆ ಒಬ್ಬರು ಸಿಕ್ಕಿಯಾರು.

ಒಂದು ವಾರದ ಮಟ್ಟಿಗೆ ಅಷ್ಟೆ. ಅಷ್ಟರಲ್ಲಿ ತೂಕ ಏರಿಸಿ, ಮುಳ್ಳನ್ನು ಮತ್ತೆ ಸರಿ ಮಾಡಿಬಿಡುತ್ತೇನೆ.

ಮಾರ್ಚ್ 22, ಶನಿವಾರ

ಹದಿನೆಂಟೂಕಾಲು ತೋರಿಸಿತು. ತಂಗಿ ಭಾವನಿಗೆ ಫೋನು ಮಾಡಿ ಹೇಳಿದಳು. ಭಾವ ನನ್ನನ್ನು ಕರೆದು ಹೊಗಳಿದರು. ಹೆಚ್ಚು ಮಾತಾಡಲಿಲ್ಲ ನಾನು, ಒಲೆಯ ಮೇಲೆ ಏನೋ ಇದೆ ಎಂದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಮಾರ್ಚ್ 25, ಮಂಗಳವಾರ

ಸಂಜೆ ಅಂಗಡಿಯಿಂದ ತರಕಾರಿ ತಂದು ಒಳಗೆ ಬಂದರೆ ಸೂಜಿ ನಡುಮನೆಯಲ್ಲಿ ಮಂಡಿಯೂರಿ ಕೂತಿದ್ದಳು. ಹೆಡ್‌ಮೇಷ್ಟ್ರನ್ನು ಎತ್ತಲಾಗದೆ, ದಿಂಬಿನ ಮೇಲೆ ಹತ್ತಿಸಿ, ಮತ್ತೊಂದು ದಿಂಬಿಗೆ ದಾಟಿಸಿ, ಹೇಗೋ ತಕ್ಕಡಿಯ ಹಲಗೆಗೆ ತಳ್ಳಿದ್ದಾಳೆ. ಮುಳ್ಳು ಐದರ ಗೆರೆ ದಾಟಿ ಎರಡು ಗೆರೆ ಮುಂದೆ ನಿಂತಿತ್ತು.

"ಮಾಮ, ಹೆಡ್‌ಮೇಷ್ಟ್ರು ದಪ್ಪ ಆಗಿದಾರೆ," ಎಂದಳು.

ತರಕಾರಿ ಚೀಲ ಕೆಳಗಿಟ್ಟೆ. ಹವಾಮಾನ, ಕಬ್ಬಿಣ ಹಿಗ್ಗುವುದು, ಹಳೆಯ ಸ್ಪ್ರಿಂಗ್ ಎಂದು ಏನೇನೋ ಶುರು ಮಾಡಿದೆ. ಅವಳು ಕೇಳಿಸಿಕೊಂಡಳು. ಪೂರ್ತಿ ಮುಗಿಯುವವರೆಗೆ ಕೇಳಿಸಿಕೊಂಡಳು, ಅದೇ ಕಷ್ಟವಾದದ್ದು. ಆಮೇಲೆ ಹೇಳಿದಳು:

"ನಂಗೆ ಗೊತ್ತು ನಾನು ಏರಿಲ್ಲ ಅಂತ. ಸ್ಕರ್ಟು ಜಾರ್ತಿದೆ. ಅಮ್ಮ ಖುಷಿಯಾಗಿದ್ಲು ಅಂತ ಸುಮ್ನಿದ್ದೆ. ಆದ್ರೆ ಮಾಮ, ಡಾಕ್ಟರಮ್ಮನ ತಕ್ಕಡಿ ಒಳಗೆ ನೀನು ಕೈ ಹಾಕಕ್ಕಾಗಲ್ವಲ್ಲ?"

ಆಗುವುದಿಲ್ಲ ಎಂದೆ.

"ಹಂಗಾದ್ರೆ ಅಮ್ಮಂಗೆ ನೀನೇ ಹೇಳು. ನಾನು ಹೇಳಿದ್ರೆ ಚಾಡಿ ಆಗತ್ತೆ."

ಮಾರ್ಚ್ 26, ಬುಧವಾರ

ಹೇಳಿದೆ. ತಂಗಿ ಡಿಪೋದಿಂದ ಬಂದು, ಬೂಟು ಬಿಚ್ಚಿ, ನೀರು ಕುಡಿಯುವವರೆಗೆ ಕಾದೆ. ಮೊದಲ ವಾಕ್ಯವನ್ನು ಬೆಳಗ್ಗೆಯಿಂದ ತಿದ್ದಿ ತೀಡಿ ಇಟ್ಟುಕೊಂಡಿದ್ದೆ. ಬಾಯಿಗೆ ಬಂದದ್ದು, "ತಕ್ಕಡಿ ನಾನು ಕೆಡಿಸಿದೆ ಕಣೇ, ಇವಳು ಹದಿನೇಳೂ ಒಂಬೈನೂರು ಇದಾಳೆ," ಎಂದಷ್ಟೇ.

ಬೈಯುತ್ತಾಳೆ ಎಂದು ತಯಾರಾಗಿದ್ದೆ. ಅವಳು ಲೋಟವನ್ನು ಮೇಜಿನ ಮೇಲೆ ಇಟ್ಟು, ತುಂಬ ಮೆಲ್ಲಗೆ ಕೇಳಿದಳು. "ತೂಕ ಕಮ್ಮಿ ಆದ್ರೆ ನಂಗೆ ಬೇಜಾರಾಗತ್ತೆ ಅಂತ ಮಾಡಿದ್ಯಾ?"

ಹೂಂ ಎಂದೆ.

"ಬೇಜಾರಾಗ್ಲಿ ಬಿಡು ಅಣ್ಣ, ನಂಗೇನು ಹೊಸದಾ? ಇವಳ ಹೊಟ್ಟೇಲಿ ಏನಾಗ್ತಿದೆ ಅಂತ ನಮಗೆ ಹೇಳೋದು ಆ ಮುಳ್ಳೊಂದೇ. ಅದರ ಬಾಯಿ ಮುಚ್ಚಿಸಿದ್ರೆ ಯಾರನ್ನ ಕೇಳ್ಲಿ?"

ಆಮೇಲೆ ಪೊಲೀಸಿನವರ ಹಾಗೆ ಪ್ರಶ್ನೆ. ಯಾವಾಗಿನಿಂದ ಹೊಟ್ಟೆನೋವು? ಏನು ಬದಲಾಯಿಸಿದೆ? ಏನೂ ಇಲ್ಲ, ಅದೇ ಬಿಲ್ಲೆ, ಅದೇ ಕ್ಯಾರೆಟ್, ಹಿಟ್ಟು ಮಾತ್ರ ಇನ್ನೂ ಒಳ್ಳೆಯದು, ಗಿರಣಿಯಲ್ಲಿ ನನ್ನ ಕಣ್ಣೆದುರಿಗೇ ಬೀಸಿದ್ದು ಎಂದೆ. ಹೇಳುತ್ತಿರುವಾಗಲೇ ನನ್ನ ಕಣ್ಣೆದುರಿಗೆ ಬಂದದ್ದು ಆ ದಿನದ ಸಾಲು. ನನ್ನನ್ನು ಮುಂದೆ ಬಿಡಲು ಸರಿದು ನಿಂತವರ ಚೀಲಗಳಲ್ಲಿ ಇದ್ದದ್ದೆಲ್ಲ ಗೋಧಿ. ನನಗಿಂತ ಮುಂಚೆ ಬೀಸಿಸಿಕೊಂಡು ಹೋದವರದ್ದೂ ಗೋಧಿ. ಅದೇ ಕಲ್ಲಿನಲ್ಲಿ, ಅದರ ಬೆನ್ನಿಗೇ, ನನ್ನ ಕಡಲೆ.

ಹಿಂದಿನ ತೂಕದ ಧೂಳು ತಟ್ಟೆಯಲ್ಲಿ ಉಳಿದರೆ ಮುಂದಿನ ತೂಕ ಕೆಡುತ್ತದೆ ಎಂದು ಎಷ್ಟು ಜನಕ್ಕೆ ಪಾಠ ಹೇಳಿದ್ದೇನೋ.

ಡಬ್ಬಿಯ ಹಿಟ್ಟನ್ನು ತಂಗಿ ಕಸಕ್ಕೆ ಸುರಿದಳು. ಡಬ್ಬಿಯನ್ನು ನಾನು ಮೂರು ಸಲ ತೊಳೆದೆ. ಆಮೇಲೆ ಅದನ್ನೂ ಎಸೆದೆ. ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದ್ದಾಯಿತು. ಹೊಟ್ಟೆ ಸುಧಾರಿಸಲು ಒಂದೆರಡು ವಾರ ಬೇಕು, ಆಮೇಲೆ ನೋಡೋಣ, ಆದರೆ ತಾರೀಖು ಮುಂದಕ್ಕೆ ಹೋಗುವುದಿಲ್ಲ ಎಂದರಂತೆ.

ಸ್ಪ್ರಿಂಗ್ ಸರಿ ಮಾಡಿದೆ. ಸೂಜಿ ಪಕ್ಕದಲ್ಲಿ ನಿಂತು, ಹೆಡ್‌ಮೇಷ್ಟ್ರು ಐದರ ಗೆರೆಯ ಮೇಲೆ ನೆಟ್ಟಗೆ ನಿಲ್ಲುವವರೆಗೂ ಕದಲಲಿಲ್ಲ.

ಮಾರ್ಚ್ 29, ಶನಿವಾರ

ಹದಿನೇಳು ಕಿಲೋ ಒಂಬೈನೂರು. ಮುಂದಿನ ಪುಟಗಳಲ್ಲಿ ಹೋದ ವಾರದ ಅಂಕಿಯನ್ನು ಹೊಡೆದು ಹಾಕಿ ನಾನೇ ತಿದ್ದಿ ಬರೆದೆ. ಇನ್ನು ನಾಲ್ಕು ವಾರ, ಒಂದು ಕಿಲೋ ನೂರು ಗ್ರಾಂ. ಸೂಜಿ ಶಿಬಿರದ ಕಾಗದವನ್ನು ದಿಂಬಿನ ಕೆಳಗಿನಿಂದ ತೆಗೆದು ಪುಸ್ತಕದ ಚೀಲದಲ್ಲಿ ಇಟ್ಟಳು. ಕೇಳಿದ್ದಕ್ಕೆ, ದಿಂಬಿನ ಕೆಳಗೆ ಮುದುರುತ್ತದೆ ಎಂದಳು.

ಏಪ್ರಿಲ್ 2, ಬುಧವಾರ

ಬೆಳಗ್ಗೆ ಅಕ್ಕಿ, ಬೇಳೆ ಒಟ್ಟಿಗೆ ಬೇಯಿಸಿದ ಗಂಜಿ, ಮೇಲೊಂದು ಮೊಟ್ಟೆ. ನಾಲ್ಕು ಚಮಚ ತಿಂದು ನಿಲ್ಲಿಸಿದಳು. ಯಾಕಮ್ಮ, ರುಚಿಯಿಲ್ಲವಾ ಎಂದೆ. ರುಚಿ ಇದೆ ಎಂದಳು. ಹಾಗಾದರೆ?

"ನೀನು ನನ್ನ ಬಾಯಿ ನೋಡ್ತೀಯ ಮಾಮ. ಅಮ್ಮಾನೂ ನೋಡ್ತಾಳೆ. ಶಾಲೇಲಿ ಟೀಚರೂ ನೋಡ್ತಾರೆ. ಒಂದು ತುತ್ತು ಇಟ್ಕೊಂಡ್ರೆ ಎಲ್ರೂ ಎಷ್ಟು ಗ್ರಾಂ ಅಂತ ನೋಡ್ತೀರ. ಗಂಟಲು ಇಷ್ಟೇ ಇಷ್ಟು ಆಗ್ಬಿಡತ್ತೆ."

ಬೆರಳಿನಲ್ಲಿ ಸೂಜಿಯ ಕಣ್ಣಿನಷ್ಟು ಜಾಗ ಮಾಡಿ ತೋರಿಸಿದಳು.

ಆಗ ನೆನಪಾಯಿತು, ಬಾಣಲೆ ಕೆರೆಯುತ್ತಿದ್ದ ದಿನ. ಕ್ಯಾರೆಟ್ಟಿಗೆ ಅನ್ಯಾಯವಾಗಿ ಹೆಸರು ಬಂದಿದೆ.

"ನೀನು ಯಾಕೆ ಇದನ್ನ ತಿನ್ನಲ್ಲ? ಬೇಸಿನ್ ಹತ್ರ ನಿಂತ್ಕೊಂಡು ಬ್ರೆಡ್ ತಿಂತೀಯ, ಕದ್ದು," ಎಂದೂ ಸೇರಿಸಿದಳು. ಕದ್ದು ಅಲ್ಲ, ನಿಂತುಕೊಂಡು ಎಂದೆ.

ಏಪ್ರಿಲ್ 3, ಗುರುವಾರ

ಎರಡು ತಟ್ಟೆ ಹಾಕಿದೆ. ನನ್ನದೂ ಗಂಜಿ. ಅವಳ ಕಡೆ ನೋಡದೆ ಕಿಟಕಿಯಾಚೆ ನೋಡುತ್ತ, ಶಾಲೆಯಲ್ಲಿ ನಾನು ಮೇಷ್ಟ್ರ ಕುರ್ಚಿಯ ಕಾಲು ಒಂದಂಗುಲ ಕೊಯ್ದ ಕಥೆ ಹೇಳಿದೆ. ಅವರು ಇಡೀ ವರ್ಷ ಓಲಾಡುತ್ತ ಪಾಠ ಮಾಡಿದರು. ನಿಜವಾಗಿ ಕೊಯ್ದವನು ಬೇರೆ, ನಾನು ಬಾಗಿಲಲ್ಲಿ ಕಾವಲು ನಿಂತಿದ್ದೆ. ಅದನ್ನೂ ಹೇಳಿಬಿಟ್ಟೆ, ಯಾಕೋ. ಕಥೆ ಮುಗಿಯುವಷ್ಟರಲ್ಲಿ ಅವಳ ತಟ್ಟೆ ತಳ ಕಾಣುತ್ತಿತ್ತು. ನಾನು ನೋಡಲಿಲ್ಲ, ಚಮಚದ ಸದ್ದಿನಿಂದ ಗೊತ್ತಾಯಿತು.

ಮನೆಗೆ ಬ್ರೆಡ್ ತರುವುದನ್ನು ನಿಲ್ಲಿಸಿದ್ದೇನೆ. ಹೇಗೂ ಬ್ರೆಡ್ಡಿನಲ್ಲಿ ಏನಿದೆ, ತೂತು ತಾನೆ.

ಏಪ್ರಿಲ್ 5, ಶನಿವಾರ

ಹದಿನೆಂಟು ಕಿಲೋ ನೂರೈವತ್ತು. ಹೊಟ್ಟೆನೋವು ಹೋಗಿದೆ. ಕಡಲೆಯನ್ನು ಮನೆಯಲ್ಲೇ ಮಿಕ್ಸಿಯಲ್ಲಿ ಪುಡಿ ಮಾಡುತ್ತೇವೆ. ಅದಕ್ಕೆ ಬೇರೆಯದೇ ಜಾರು ತಂದಿದ್ದೇನೆ, ಕೆಂಪು ದಾರ ಕಟ್ಟಿದ್ದೇನೆ. ಆ ಜಾರನ್ನು ಬೇರೆ ಯಾರಾದರೂ ಮುಟ್ಟಿದರೆ ನನ್ನ ಬಾಯಿಗೆ ಬೀಳುತ್ತಾರೆ. ಇವತ್ತು ತಂಗಿಯೇ ಬಿದ್ದಳು.

ಏಪ್ರಿಲ್ 9, ಬುಧವಾರ

ಅಡುಗೆಮನೆಯ ಯಜಮಾನಿಕೆ ಸೂಜಿಯ ಕೈಗೆ ಹೋಗಿದೆ. ನಾನು ಕೈಕೆಳಗಿನವನು. ಬಾಳೆಹಣ್ಣು ಹಿಸುಕಿ, ಹುರಿದ ಕಡಲೆಕಾಯಿಬೀಜದ ಪುಡಿ ಬೆರೆಸಿ, ಸೋಯಾ ಹಾಲು ಸುರಿದು ತಿರುಗಿಸುವುದು ಅವಳ ಹೊಸ ಸಂಶೋಧನೆ. ಹೆಸರು 'ಕೆಸರು'. ನೋಡಲು ಹಾಗೇ ಇದೆ. ನಿನ್ನೆ ಉಳಿದ ಕೋಳಿಯನ್ನು ಆಲೂಗಡ್ಡೆಯ ಜೊತೆ ಹುರಿದದ್ದು ಬೆಳಗಿನ ತಿಂಡಿ ಹೇಗಾಗುತ್ತದೆ ಎಂದು ನಾನು ಕೇಳಿದ್ದಕ್ಕೆ, "ಹೊಟ್ಟೆಗೆ ಗಡಿಯಾರ ಇದ್ಯಾ ಮಾಮ?" ಎಂದಳು.

ಕೆಸರು ಎರಡು ಲೋಟ ಕುಡಿದಳು. ನಾನು ಮೂರು.

ಏಪ್ರಿಲ್ 12, ಶನಿವಾರ

ಹದಿನೆಂಟೂವರೆ. ತಂಗಿ ಒಂದೇ ಸಲ ಹತ್ತಿಸಿ ಇಳಿಸಿದಳು.

ಬೆಲ್ಟಿನ ಕೊನೆಯ ತೂತಿಗೆ ಬಂದಿದ್ದೇನೆ. ಈಗೀಗ ಬೆಲ್ಟುಗಳನ್ನು ಚಿಕ್ಕದಾಗಿ ಮಾಡುತ್ತಾರೆ.

ಏಪ್ರಿಲ್ 19, ಶನಿವಾರ

ಹದಿನೆಂಟು ಕಿಲೋ ಏಳುನೂರೈವತ್ತು. ಇನ್ನೊಂದು ವಾರದಲ್ಲಿ ಕಾಲು ಕಿಲೋ ಬೇಕು. ಅಂಗಡಿಯ ಕಟ್ಟಡದವನು ಫೋನು ಮಾಡಿದ್ದ, ಸೂರು ಮುಗಿದಿದೆ, ಬನ್ನಿ ಎಂದ. ಈಗ ಬಿಡುವಿಲ್ಲ ಎಂದೆ.

ಏಪ್ರಿಲ್ 25, ಶುಕ್ರವಾರ

ಇವತ್ತು ಮನೆಯಲ್ಲಿ ತೂಗಲಿಲ್ಲ. ಸೂಜಿಯೇ ಬೇಡ ಎಂದಳು. ಶಿಬಿರದ ಕಾಗದ ಮತ್ತೆ ದಿಂಬಿನ ಕೆಳಗೆ ಬಂದಿದೆ.

ಏಪ್ರಿಲ್ 26, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಡಾಕ್ಟರಮ್ಮನ ಕೋಣೆಯಲ್ಲಿ ನಾವು ಮೂವರು. ಮೂಲೆಯಲ್ಲಿ ಮುಳ್ಳಿನ ತಕ್ಕಡಿ, ಹಳೆಯದು, ಗಟ್ಟಿಯಾದದ್ದು. ಸೂಜಿ ಚಪ್ಪಲಿ ಬಿಟ್ಟು ಹತ್ತಿದಳು. ಮುಳ್ಳು ಹತ್ತೊಂಬತ್ತು ದಾಟಿ ಇನ್ನೂರರ ಗೆರೆಯಲ್ಲಿ ನಿಂತಿತು. ಡಾಕ್ಟರಮ್ಮ ಭೇಷ್ ಎಂದರು. ತಂಗಿ ನನ್ನ ತೋಳನ್ನು ಹಿಡಿದುಕೊಂಡಳು, ಉಗುರು ಇಳಿಯುವಷ್ಟು.

ನನ್ನ ಕಣ್ಣು ಮಾತ್ರ ಬೇರೆ ಕಡೆ ಇತ್ತು. ಸೂಜಿ ಹತ್ತುವ ಮುಂಚೆ, ತಕ್ಕಡಿ ಬರಿದಾಗಿದ್ದಾಗ, ಆ ಮುಳ್ಳು ಸೊನ್ನೆಯಲ್ಲಿರಲಿಲ್ಲ. ಐದು ಗೆರೆ ಮುಂದೆ ನಿಂತಿತ್ತು. ಸೂಜಿಯ ಕಡೆ ನೋಡಿದೆ. ಅವಳೂ ನೋಡಿದ್ದಾಳೆ. ತಕ್ಕಡಿಯ ಮೇಲೆ ನಿಂತೇ ನನ್ನನ್ನು ನೋಡುತ್ತಿದ್ದಳು. ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದು ಶಿಬಿರದ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡರು.

ಕೆಟ್ಟ ತಕ್ಕಡಿ ಕಂಡರೆ ನನಗೆ ಕೈ ತುರಿಸುತ್ತದೆ. ಕಸುಬಿನ ರೋಗ, ಬೇರೆ ಏನೂ ಅಲ್ಲ.

"ಡಾಕ್ಟರಮ್ಮ, ನಿಮ್ಮ ಮುಳ್ಳು ಸೊನ್ನೇಲಿಲ್ಲ. ಇನ್ನೂರೈವತ್ತು ಗ್ರಾಂ ಜಾಸ್ತಿ ತೋರಿಸ್ತಿದೆ," ಎಂದೆ.

ತಂಗಿಯ ಉಗುರು ಇನ್ನಷ್ಟು ಇಳಿಯಿತು. ಸೂಜಿ ಕೆಳಗಿಳಿದಳು. ನಾನು ಚೀಲದಿಂದ ಹೆಡ್‌ಮೇಷ್ಟ್ರನ್ನು ತೆಗೆದು ಹಲಗೆಯ ಮೇಲೆ ಇಟ್ಟೆ. ಐದೂಕಾಲು. ತಿರುಪು ತಿರುಗಿಸಿ ಸೊನ್ನೆಗೆ ತಂದೆ, ಮತ್ತೆ ಇಟ್ಟೆ. ಐದು. ಡಾಕ್ಟರಮ್ಮ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಸೂಜಿಯನ್ನು ಮತ್ತೆ ಹತ್ತಿಸಿದೆವು.

ಹದಿನೆಂಟು ಕಿಲೋ ಒಂಬೈನೂರೈವತ್ತು. ಹತ್ತೊಂಬತ್ತಕ್ಕೆ ಒಂದೇ ಒಂದು ಗೆರೆ ಕಮ್ಮಿ.

ಸೂಜಿ ತನ್ನ ಕಾಲ್ಬೆರಳುಗಳನ್ನೇ ನೋಡುತ್ತಿದ್ದಳು. ನಾನು ಹೆಡ್‌ಮೇಷ್ಟ್ರನ್ನು ಚೀಲಕ್ಕೆ ಹಾಕುವ ನೆಪದಲ್ಲಿ ಬಗ್ಗಿದವನು ಬಗ್ಗಿಯೇ ಇದ್ದೆ.

ಡಾಕ್ಟರಮ್ಮ ಹೋದ ವಾರ ಮಾಡಿಸಿದ್ದ ರಕ್ತ ಪರೀಕ್ಷೆಯ ವರದಿ ಓದಿದರು. ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ಈ ನೋಟುಬುಕ್ಕಿನ ಮುಂದಿನ ಪುಟಗಳನ್ನು ಒಂದೊಂದಾಗಿ ತಿರುವಿದರು. ಗಿರಣಿಯ ಪುಟ, ತಿದ್ದಿದ ಅಂಕಿ, ಕೆಸರು, ಎಲ್ಲವನ್ನೂ. ಹಿಂದಿನ ಪುಟಗಳ ಕಡೆ ಬೆರಳು ಹೋಯಿತು. ಅದು ಕಚ್ಚಾ ಲೆಕ್ಕ ಎಂದು ಕೈಯಿಂದ ಕಿತ್ತುಕೊಂಡೆ.

"ಒಂದು ಕಿಲೋ ಅಂದಿದ್ದು ನೀವು ಕಟ್ಟುನಿಟ್ಟಾಗಿರ್ಲಿ ಅಂತ. ನನಗೆ ಬೇಕಾಗಿದ್ದು ಈ ರಕ್ತದ ವರದಿ. ಚೆನ್ನಾಗಿದೆ. ಎತ್ತರಾನೂ ಒಂದು ಸೆಂಟಿಮೀಟರ್ ಏರಿದೆ," ಎಂದರು. ಆಮೇಲೆ ಸೂಜಿಯ ಕಡೆ ತಿರುಗಿದರು. "ಶಿಬಿರದಲ್ಲಿ ನಿನ್ನ ಮಾಮ ಇರಲ್ಲ. ಅಲ್ಲಿ ಅಡುಗೆಯವರು ಬಿಸ್ಕತ್ತು ಕೊಟ್ರೆ?"

"ಏನೇನು ಹಾಕಿದೀರ ಅಂತ ಕೇಳ್ತೀನಿ. ಯಾವ ಪಾತ್ರೇಲಿ ಮಾಡಿದ್ರಿ, ಮುಂಚೆ ಅದರಲ್ಲಿ ಏನಿತ್ತು ಅಂತಾನೂ ಕೇಳ್ತೀನಿ. ಗೊತ್ತಿಲ್ಲ ಅಂದ್ರೆ ತಿನ್ನಲ್ಲ," ಎಂದಳು ಸೂಜಿ. ಸ್ವಲ್ಪ ತಡೆದು ಸೇರಿಸಿದಳು, "ಕಣ್ಣೆದುರಿಗೇ ಮಾಡಿದ್ರೂ ಕೇಳ್ತೀನಿ."

ಡಾಕ್ಟರಮ್ಮ ಸಹಿ ಹಾಕಿದರು.

ಹೊರಡುವಾಗ, ಆ ತಕ್ಕಡಿ ಎಷ್ಟು ದಿನದಿಂದ ಹೀಗಿದೆಯೋ, ತಿಂಗಳಿಗೊಮ್ಮೆ ಬಂದು ನೋಡಿ ಎಂದು ನನಗೆ ಹೇಳಿದರು. ಈ ಊರಿನ ಮಕ್ಕಳೆಲ್ಲ ಕಾಲು ಕಿಲೋ ಸುಳ್ಳು ದಪ್ಪವಾಗಿದ್ದರು, ಕಂಡುಹಿಡಿದವನು ನಾನು. ದಾರಿಯುದ್ದಕ್ಕೂ ಇದನ್ನು ತಂಗಿಗೆ ನಾಲ್ಕು ಸಲ ಹೇಳಿದೆ. ಅವಳು ಅಳುತ್ತ ನಗುತ್ತ, "ಹೌದು ಅಣ್ಣ, ನೀನೇ," ಎಂದಳು. ಸೂಜಿ ಮುಂದೆ ಮುಂದೆ ಓಡುತ್ತಿದ್ದಳು, ಕಾಗದವನ್ನು ಬಾವುಟದ ಹಾಗೆ ಹಿಡಿದುಕೊಂಡು.

ಏಪ್ರಿಲ್ 30, ಬುಧವಾರ

ಬಸ್ಸು ಹತ್ತಿಸಿ ಬಂದೆವು. ಒಂದು ಡಬ್ಬಿ ಕಡಲೆಪುಡಿ, ಒಂದು ಡಬ್ಬಿ ಕಡಲೆಕಾಯಿಬೀಜದ ಪುಡಿ, ಕೆಂಪು ದಾರ ಕಟ್ಟಿದ ಚಮಚ, ಅಡುಗೆಯವರಿಗೆ ಅವಳೇ ಬರೆದ ಎರಡು ಪುಟದ ಚೀಟಿ. ಅಕ್ಷರ ನನಗಿಂತ ದುಂಡಗಿದೆ. ಬಸ್ಸಿನ ಕಿಟಕಿಯಿಂದ ನನ್ನನ್ನು ಕರೆದು, ಏನೋ ಗುಟ್ಟು ಹೇಳುವ ಹಾಗೆ ಬಗ್ಗಿ, "ಮಾಮ, ನಾನಿಲ್ಲ ಅಂತ ನಿಂತ್ಕೊಂಡು ತಿನ್ಬೇಡ," ಎಂದಳು.

ಮೇ 1, ಗುರುವಾರ

ತಂಗಿ ಐದಕ್ಕೆ ಹೋದಳು. ಆರೂವರೆಗೆ ಬಿಲ್ಲೆ ಹೊಯ್ದೆ. ಹೊಯ್ದಾದ ಮೇಲೆ ನೋಡಿದರೆ ಎರಡು ತಟ್ಟೆ ಇಟ್ಟಿದ್ದೇನೆ. ಎರಡೂ ತಟ್ಟೆ ನಾನೇ ಮುಗಿಸಿದೆ, ಕೂತುಕೊಂಡು, ಕಿಟಕಿಯಾಚೆ ನೋಡುತ್ತ. ಮೇಷ್ಟ್ರ ಕುರ್ಚಿಯ ಕಥೆ ನನಗೆ ನಾನೇ ಹೇಳಿಕೊಂಡರೆ ಅಷ್ಟೇನೂ ಚೆನ್ನಾಗಿಲ್ಲ.

ಶಿಬಿರದ ಟೀಚರ್ ತಂಗಿಗೆ ಫೋಟೋ ಕಳಿಸಿದ್ದರಂತೆ, ಅವಳು ನನಗೆ ಕಳಿಸಿದಳು. ಸೂಜಿ ದೋಣಿಯಲ್ಲಿ ಕೂತು ಬಾಯಿ ತುಂಬ ಏನೋ ಅಗಿಯುತ್ತಿದ್ದಾಳೆ. ಯಾರೂ ಅವಳ ಕಡೆ ನೋಡುತ್ತಿಲ್ಲ.

ಮಾಡಲು ಕೆಲಸವಿಲ್ಲದೆ ನಡುಮನೆಯ ತಕ್ಕಡಿಯ ಮೇಲೆ ನಾನು ನಿಂತೆ. ಬಂದಾಗ ಎಪ್ಪತ್ತೆರಡು ಇದ್ದವನು ನಾನು. ಈಗ ಎಪ್ಪತ್ತಾರೂವರೆ. ಸಾಧ್ಯವೇ ಇಲ್ಲ. ಇಳಿದು ನೋಡಿದೆ, ಮುಳ್ಳು ಸೊನ್ನೆಯಲ್ಲಿತ್ತು. ಹೆಡ್‌ಮೇಷ್ಟ್ರನ್ನು ತಂದು ಹತ್ತಿಸಿದೆ.

ಐದರ ಗೆರೆಯ ಮೇಲೆ ನೆಟ್ಟಗೆ ನಿಂತರು.